ಒಂಬತ್ತು ವರ್ಷದ ಮಗಳು ಮತ್ತೆ ವೇದಿಕೆ ಹತ್ತುವುದಿಲ್ಲ ಎನ್ನುತ್ತಿದ್ದಾಳೆ. ಏನು ಮಾಡಲಿ?

ಮುಂಜಾವಿನ ಪಿಟೀಲು (ಚರ್ಚೆ ಆರಂಭಿಸಿದವರು)

ಮಗಳು ಪಿಟೀಲು ಕಲಿಯಲು ಶುರು ಮಾಡಿ ಒಂದೂವರೆ ವರ್ಷವಾಯಿತು. ಅಭ್ಯಾಸ ಮಾಡು ಎಂದು ಅವಳಿಗೆ ಹೇಳಬೇಕಾದ ಪ್ರಮೇಯವೇ ಬಂದಿಲ್ಲ; ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಪೆಟ್ಟಿಗೆ ತೆರೆದಿರುತ್ತಾಳೆ. ಕಳೆದ ತಿಂಗಳು ತರಗತಿಯ ಮಕ್ಕಳ ಕಾರ್ಯಕ್ರಮದಲ್ಲಿ ಮೊದಲ ಬಾರಿಗೆ ಒಬ್ಬಳೇ ನುಡಿಸಿದಳು. ಎರಡನೆಯ ಸಾಲಿನ ನಡುವೆ ಒಂದು ಸ್ವರ ಜಾರಿತು. ನಿಲ್ಲಿಸಿದಳು. ಮೊದಲಿನಿಂದ ಶುರು ಮಾಡಿದಳು. ಅದೇ ಜಾಗದಲ್ಲಿ ಮತ್ತೆ ನಿಂತಳು. ಮೂರನೆಯ ಸಲ ಕಮಾನು ತಂತಿಯ ಮೇಲೆಯೇ ಇತ್ತು, ಕೈ ಮಾತ್ರ ಸರಿಯಲಿಲ್ಲ. ನಾನು ಮುಂದಿನ ಸಾಲಿನಲ್ಲಿದ್ದೆ. ಅವಳ ಗಲ್ಲ ಅದುರುವುದು ನನಗೆ ಕಾಣುತ್ತಿತ್ತು. ಜನ ಒಳ್ಳೆಯ ಮನಸ್ಸಿನಿಂದಲೇ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಗೆ ಅವಳು ಇನ್ನಷ್ಟು ಕುಗ್ಗಿ, ನಮಸ್ಕಾರವನ್ನೂ ಮಾಡದೆ ಪರದೆಯ ಹಿಂದೆ ಓಡಿಬಿಟ್ಟಳು.

ಐದು ವಾರಗಳಲ್ಲಿ ಇನ್ನೊಂದು ಕಾರ್ಯಕ್ರಮವಿದೆ. ಬರುವುದೇ ಇಲ್ಲ ಎನ್ನುತ್ತಾಳೆ. ಪಿಟೀಲನ್ನು ಬಿಟ್ಟಿಲ್ಲ, ಆದರೆ ಈಗ ಬಾಗಿಲು ಹಾಕಿಕೊಂಡು ನುಡಿಸುತ್ತಾಳೆ. "ಹೆದರಬೇಡ, ಏನೂ ಆಗುವುದಿಲ್ಲ" ಎಂದರೆ, "ಹೋದ ಸಲವೂ ಹಾಗೆಯೇ ಹೇಳಿದ್ದೆ, ಆಯಿತಲ್ಲ" ಎನ್ನುತ್ತಾಳೆ. ಅದಕ್ಕೆ ನನ್ನ ಬಳಿ ಉತ್ತರವಿಲ್ಲ. ಒತ್ತಾಯ ಮಾಡಲೇ, ಬಿಟ್ಟುಬಿಡಲೇ?

ಕಪ್ಪು ಎರಡು

ಕಳುಹಿಸಿ. ನೀರಿಗಿಳಿಯದೆ ಈಜು ಬರುವುದಿಲ್ಲ. ನನ್ನ ಮಗನೂ ಮೊದಲ ಸಲ ಅತ್ತಿದ್ದ, ಈಗ ಕೀಬೋರ್ಡಿನ ಮುಂದಿನಿಂದ ಅವನನ್ನು ಎಬ್ಬಿಸುವುದೇ ಕಷ್ಟ.

ಅರ್ಧಕ್ಕೆ ಬಿಟ್ಟವನು

ನೀರಿಗಿಳಿಯುವುದು ಬೇರೆ, ತಳ್ಳಿಸಿಕೊಳ್ಳುವುದು ಬೇರೆ. ನನ್ನ ಅನುಭವ ಹೇಳುತ್ತೇನೆ.

ನನಗೆ ಹನ್ನೊಂದು ವರ್ಷ. ಹಾಡಲು ನಿಂತೆ, ಎರಡನೆಯ ಚರಣದ ಮಾತು ಮರೆತುಹೋಯಿತು. ಮೊದಲನೆಯ ಚರಣವನ್ನೇ ಇನ್ನೊಮ್ಮೆ ಹಾಡಿ ಕೆಳಗಿಳಿದೆ. ನಿಜ ಹೇಳಬೇಕೆಂದರೆ ಆ ಹೊತ್ತಿಗೆ ಪಾರಾದೆ ಎಂಬ ಖುಷಿಯೇ ಇತ್ತು. ಕೆಟ್ಟದ್ದು ನಡೆದದ್ದು ಆಮೇಲೆ. ಮನೆಯ ಹಿರಿಯರೊಬ್ಬರು ಅದನ್ನು ತಮಾಷೆಯ ಕಥೆ ಮಾಡಿಕೊಂಡರು. ನೆಂಟರು ಸೇರಿದಾಗಲೆಲ್ಲ "ಇವನು ಒಂದೇ ಚರಣವನ್ನು ಎರಡು ಸಲ ಹಾಡುವ ಗಾಯಕ" ಎಂದು ಪರಿಚಯಿಸುತ್ತಿದ್ದರು. ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಹದಿಮೂರಕ್ಕೆ ಹಾಡುವುದನ್ನು ಬಿಟ್ಟೆ. ಯಾರೂ ಏಕೆ ಎಂದು ಕೇಳಲಿಲ್ಲ. ಓದಿನ ಒತ್ತಡ ಎಂದುಕೊಂಡರು.

ವೇದಿಕೆಯ ಮೇಲೆ ನಾನು ಸೋತದ್ದು ಅರ್ಧ ನಿಮಿಷ. ಆ ಕಥೆ ನಡೆದದ್ದು ಎರಡು ವರ್ಷ. ನಿಮ್ಮ ಮನೆಯಲ್ಲಿ ಆ ದಿನದ ಸುದ್ದಿ ಯಾರ ಬಾಯಲ್ಲಿ ಹೇಗೆ ಓಡಾಡುತ್ತಿದೆ ಎಂದು ಮೊದಲು ನೋಡಿಕೊಳ್ಳಿ.

ಮುಂಜಾವಿನ ಪಿಟೀಲು

ಇದನ್ನು ಓದಿ ಮುಖ ಸಪ್ಪಗಾಯಿತು. ಅದೇ ಸಂಜೆ ನಾನು ತಂಗಿಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿದ್ದೆ, "ಪಾಪ" ಎಂದು ಹೇಳುತ್ತಲೇ. ಮಗಳು ಪಕ್ಕದ ಕೋಣೆಯಲ್ಲಿದ್ದಳು. ಬಾಗಿಲು ಮುಚ್ಚತೊಡಗಿದ್ದು ಅಂದಿನಿಂದಲೇ ಇರಬೇಕು ಎಂದು ಈಗ ಅನ್ನಿಸುತ್ತಿದೆ.

ನಾಡಿ ಮಿಡಿತ

ನಾನು ವೈದ್ಯೆ, ಸಂಗೀತ ಬಾರದು. "ಹೆದರಬೇಡ" ಎಂಬ ಮಾತು ಏಕೆ ಕೆಲಸ ಮಾಡುವುದಿಲ್ಲ ಎಂಬುದಷ್ಟನ್ನು ಹೇಳಬಲ್ಲೆ. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಗ್ರಂಥಿಗಳು ಆ ಹೊತ್ತಿನಲ್ಲಿ ಅಡ್ರಿನಲಿನ್ ಸುರಿಸುತ್ತವೆ. ಎದೆಬಡಿತ ಏರುತ್ತದೆ, ಬಾಯಿ ಒಣಗುತ್ತದೆ, ಚರ್ಮದಲ್ಲಿರುವ ಮತ್ತು ಬೆರಳ ತುದಿಯಲ್ಲಿರುವ ರಕ್ತ ದೊಡ್ಡ ಸ್ನಾಯುಗಳ ಕಡೆ ಹೊರಳುತ್ತದೆ. ಓಡಲು ಅಥವಾ ಹೊಡೆದಾಡಲು ದೇಹ ಮಾಡಿಕೊಳ್ಳುವ ತಯಾರಿ ಇದು. ಪಿಟೀಲಿಗೆ ಬೇಕಾದದ್ದು ಇದಕ್ಕೆ ಪೂರ್ತಿ ತಿರುಗುಮುರುಗು: ಬೆಚ್ಚಗಿನ ಬೆರಳು, ಸಡಿಲವಾದ ತೋಳು. ಮಗು ಪರದೆಯ ಹಿಂದೆ ಓಡಿದ್ದರಲ್ಲಿ ದೇಹದ ಲೆಕ್ಕ ತಪ್ಪಿಲ್ಲ. ಈ ತಯಾರಿಯನ್ನು ಯಾರ ಅಪ್ಪಣೆಯೂ ನಿಲ್ಲಿಸದು, ತಾಯಿಯದ್ದೂ ಸಹ.

ಮಾಡಬಹುದಾದದ್ದು ಸ್ವಲ್ಪ ಇದೆ. ಸರದಿ ಬರುವ ಮೊದಲು ಬಿಸಿನೀರಿನಲ್ಲಿ ಕೈ ಅದ್ದಿಸಿ ಒರೆಸಿ, ಇಲ್ಲವೇ ಕೈಗವಸು ಹಾಕಿಸಿ ಕೂರಿಸಿ. ಉಸಿರನ್ನು ಒಳಗೆಳೆಯುವುದಕ್ಕಿಂತ ನಿಧಾನವಾಗಿ ಹೊರಬಿಡುವುದನ್ನು ಕಲಿಸಿ. ನಾಲ್ಕು ಎಣಿಸಿ ಎಳೆದು ಆರು ಎಣಿಸಿ ಬಿಡಲಿ. ಇನ್ನೊಂದು ಮಾತು. 2014ರಲ್ಲಿ ಹಾರ್ವರ್ಡ್‌ನ ಆಲಿಸನ್ ವುಡ್ ಬ್ರೂಕ್ಸ್ ಪ್ರಕಟಿಸಿದ ಅಧ್ಯಯನದಲ್ಲಿ ಅಪರಿಚಿತರ ಮುಂದೆ ಹಾಡಬೇಕಾದವರಲ್ಲಿ ಕೆಲವರಿಗೆ "ನನಗೆ ಆತಂಕವಾಗಿದೆ" ಎಂದೂ ಕೆಲವರಿಗೆ "ನನಗೆ ಉತ್ಸಾಹವಾಗಿದೆ" ಎಂದೂ ಗಟ್ಟಿಯಾಗಿ ಹೇಳಿಕೊಳ್ಳಲು ತಿಳಿಸಿದ್ದರು. ಉತ್ಸಾಹ ಎಂದವರು ಚೆನ್ನಾಗಿ ಹಾಡಿದರು. ಎದೆಬಡಿತವೇನೂ ಇಳಿದಿರಲಿಲ್ಲ, ಅದಕ್ಕಿಟ್ಟ ಹೆಸರು ಬದಲಾಗಿತ್ತು. ಅವರೆಲ್ಲ ದೊಡ್ಡವರು, ಹಾಗಾಗಿ ಮಕ್ಕಳಿಗೆ ಇದನ್ನು ಮಂತ್ರವಾಗಿ ಉರು ಹೊಡೆಸಬೇಡಿ.

ಮಾತ್ರೆಯ ಬಗ್ಗೆ ಒಬ್ಬರು ನನ್ನನ್ನು ಪ್ರತ್ಯೇಕವಾಗಿ ಕೇಳಿದರು. ಪ್ರೊಪ್ರನಲಾಲ್ ಎಂಬ ಹೃದಯದ ಔಷಧಿಯನ್ನು ಕೆಲವು ವೃತ್ತಿಪರ ವಾದಕರು ನಡುಕಕ್ಕೆಂದು ತೆಗೆದುಕೊಳ್ಳುವುದು ನಿಜ. ಉಬ್ಬಸ ಇರುವವರಿಗೆ ಅದು ಅಪಾಯಕಾರಿ. ಮಗುವಿನ ಕಾರ್ಯಕ್ರಮಕ್ಕೆ ಅದರ ಯೋಚನೆಯೇ ಬೇಡ.

ಸುಮ್ಮನೆ ಕೇಳುಗ

ಎಲ್ಲರೂ ಹೇಗೆ ಹತ್ತಿಸುವುದು ಎಂದೇ ಮಾತನಾಡುತ್ತಿದ್ದೀರಿ. ಏಕೆ ಹತ್ತಬೇಕು? ಬಾಗಿಲು ಹಾಕಿಕೊಂಡು ನುಡಿಸುವ ಮಗುವಿಗೆ ಸಂಗೀತ ಇದ್ದೇ ಇದೆ. ಪಿಯಾನೋ ವಾದಕ ಗ್ಲೆನ್ ಗೂಲ್ಡ್ 1964ರಲ್ಲಿ, ಮೂವತ್ತೊಂದನೆಯ ವಯಸ್ಸಿನಲ್ಲಿ, ಕಛೇರಿ ಕೊಡುವುದನ್ನೇ ನಿಲ್ಲಿಸಿ ಉಳಿದ ಬದುಕನ್ನು ಧ್ವನಿಮುದ್ರಣದ ಕೋಣೆಯಲ್ಲಿ ಕಳೆದರು. ಯಾರೂ ಅವರನ್ನು ಅಂಜುಬುರುಕ ಎನ್ನಲಿಲ್ಲ.

ಹಳೆಯ ರಾಳ

ಗೂಲ್ಡ್ ಬಿಟ್ಟದ್ದು ವರ್ಷಗಟ್ಟಲೆ ನುಡಿಸಿದ ಮೇಲೆ. ತಿಂದು ಬೇಡ ಎನ್ನುವುದಕ್ಕೂ ನಾಲಿಗೆ ಸುಟ್ಟುಕೊಂಡು ಬೇಡ ಎನ್ನುವುದಕ್ಕೂ ವ್ಯತ್ಯಾಸವಿದೆಯಲ್ಲವೇ? ಆದರೂ ನಿಮ್ಮ ಪ್ರಶ್ನೆಯನ್ನು ತಳ್ಳಿಹಾಕಲಾರೆ. ಮಗುವಿಗೆ ನಿಜವಾಗಿ ಇಷ್ಟವಿಲ್ಲದಿದ್ದರೆ ಬೇಡ. ಆದರೆ ಈ ಮಗು ಇಷ್ಟವಿಲ್ಲ ಎಂದು ಎಲ್ಲಿಯೂ ಹೇಳಿಲ್ಲ, ಗಮನಿಸಿದಿರಾ? "ಆಯಿತಲ್ಲ" ಎಂದಿದೆ. ಆದದ್ದೇನು ಎಂದು ನೋಡಬೇಕು.

ನಾನು ಇಪ್ಪತ್ತು ವರ್ಷಗಳಿಂದ ಮಕ್ಕಳಿಗೆ ಪಿಟೀಲು ಹೇಳಿಕೊಡುತ್ತಿದ್ದೇನೆ. ತಾಯಿ, ನೀವು ಬರೆದದ್ದರಲ್ಲಿ ಒಂದು ಸಾಲು ಎಲ್ಲವನ್ನೂ ಹೇಳುತ್ತದೆ: ಮೊದಲಿನಿಂದ ಶುರು ಮಾಡಿ ಅದೇ ಜಾಗದಲ್ಲಿ ಮತ್ತೆ ನಿಂತಳು. ಬೆರಳುಗಳ ನೆನಪು ಸರಪಳಿಯಂತೆ. ಒಂದು ಕೊಂಡಿ ಮುಂದಿನದನ್ನು ಎಳೆದು ತರುತ್ತದೆ. ದಿನವೂ ಮೊದಲಿನಿಂದ ಕೊನೆಯವರೆಗೆ ಮಾತ್ರ ನುಡಿಸುವ ಮಗುವಿಗೆ ಇಡೀ ರಚನೆಗೆ ಒಂದೇ ಬಾಗಿಲು. ನಡುವೆ ಕೊಂಡಿ ತಪ್ಪಿದರೆ ಮನೆಯೊಳಗೆ ಮತ್ತೆ ಹೋಗಲು ಮುಂಬಾಗಿಲಿಗೇ ಓಡಬೇಕು, ಅಲ್ಲಿಂದ ಬಂದರೆ ಅದೇ ಹಳ್ಳ. ಇದು ಧೈರ್ಯದ ಕೊರತೆಯಲ್ಲ, ಬಾಗಿಲುಗಳ ಕೊರತೆ.

ಮನೆಯಲ್ಲಿ ಹೀಗೆ ಮಾಡಿ ನೋಡಿ. ಸ್ವರಲಿಪಿಯ ಹಾಳೆಯಲ್ಲಿ ನಾಲ್ಕು ಕಡೆ ಬಣ್ಣದ ಸ್ಟಿಕ್ಕರ್ ಅಂಟಿಸಿ, ಒಂದರಿಂದ ನಾಲ್ಕರವರೆಗೆ ಅಂಕಿ ಹಾಕಿ. ಎಲ್ಲಿ ಅಂಟಿಸಬೇಕು ಎಂಬುದನ್ನು ಅವಳೇ ಆರಿಸಲಿ. ನೀವು "ಮೂರು" ಎಂದರೆ ಹಾಳೆ ನೋಡದೆ ಮೂರರಿಂದ ನುಡಿಸಬೇಕು, "ಎರಡು" ಎಂದರೆ ಎರಡರಿಂದ. ಮೊದಲ ದಿನ ಬರುವುದಿಲ್ಲ, ಹಾಳೆ ನೋಡಲಿ ಬಿಡಿ. ನಾಲ್ಕೂ ಬಾಗಿಲು ತೆರೆದುಕೊಂಡ ಮೇಲೆ ಆಟವನ್ನು ಸ್ವಲ್ಪ ಬಿಗಿ ಮಾಡಿ. ಅವಳು ನುಡಿಸುತ್ತಿರುವಾಗ ಕೆಮ್ಮಿ, ಪುಸ್ತಕ ಬೀಳಿಸಿ, ಫೋನು ಬಾರಿಸಿ. ನಿಲ್ಲಿಸಿದರೆ ನಿಮಗೆ ಅಂಕ, ನಿಲ್ಲಿಸದೆ ಮುಂದಿನ ಬಾಗಿಲಿಗೆ ಹಾರಿದರೆ ಅವಳಿಗೆ ಅಂಕ. ನನ್ನ ಶಿಷ್ಯನೊಬ್ಬ ಒಮ್ಮೆ ನಾನು ಬೀಳಿಸಿದ ಪುಸ್ತಕವನ್ನು ಕಾಲಿನಿಂದ ತಳ್ಳುತ್ತಾ ನುಡಿಸಿದ. ಸರಸ್ವತಿ ಕ್ಷಮಿಸಲಿ, ಅವನಿಗೆ ಎರಡು ಅಂಕ ಕೊಟ್ಟೆ.

ಇನ್ನು ಸಣ್ಣಪುಟ್ಟ ವಿಷಯಗಳು, ಇವೇ ಮಕ್ಕಳನ್ನು ಕೆಡವುವುದು. ಕೊನೆಯ ವಾರದಲ್ಲಿ ಹೊಸ ತಂತಿ ಹಾಕಿಸಬೇಡಿ. ಹೊಸ ತಂತಿ ಹಿಗ್ಗುತ್ತಾ ಇರುತ್ತದೆ, ಎಷ್ಟು ಬಾರಿ ಬಿರಡೆ ತಿರುಗಿಸಿದರೂ ಶ್ರುತಿ ಇಳಿಯುತ್ತದೆ. ಹೊಸ ಬಟ್ಟೆಯಿದ್ದರೆ ಅದನ್ನು ತೊಡಿಸಿಯೇ ಎರಡು ಸಲ ಅಭ್ಯಾಸ ಮಾಡಿಸಿ. ತೋಳಿನ ಹೊಲಿಗೆ ಎಲ್ಲಿ ಹಿಡಿಯುತ್ತದೆ ಎಂಬುದು ವೇದಿಕೆಯ ಮೇಲೆ ತಿಳಿಯಬಾರದು. ನಡೆದು ಬರುವುದು, ನಿಲ್ಲುವುದು, ಒಂದು ಉಸಿರು, ಕಮಾನು ಇಡುವುದು, ಮುಗಿದ ಮೇಲೆ ಕಮಾನು ಇಳಿಸಿ ನಮಸ್ಕರಿಸಿ ನಡೆದು ಹೋಗುವುದು: ಇದನ್ನೂ ರಚನೆಯಷ್ಟೇ ಸಲ ಅಭ್ಯಾಸ ಮಾಡಿಸಿ. ಜಪಾನಿನ ಶಿನಿಚಿ ಸುಝುಕಿ ಅವರ ಪದ್ಧತಿಯಲ್ಲಿ ತೀರಾ ಚಿಕ್ಕ ಮಕ್ಕಳು ಮೊದಲು ಕಲಿಯುವುದೇ ಪಿಟೀಲನ್ನು ಕಂಕುಳಲ್ಲಿ ಇಟ್ಟುಕೊಂಡು ಬಾಗಿ ನಮಸ್ಕರಿಸುವುದನ್ನು. ನುಡಿಸುವ ಮಾತು ಆಮೇಲೆ.

ಕಮಾನಿನ ನಡುಕ ಹೆಚ್ಚು ಕಾಣಿಸುವುದು ಮೆಲುವಾದ, ಉದ್ದನೆಯ ಸ್ವರದಲ್ಲಿ. ಹಾಗೆ ಆರಂಭವಾಗುವ ರಚನೆ ಬೇಡ. ಚಿಕ್ಕ ಎಳೆತಗಳ, ಗಟ್ಟಿ ನಾದದ ಆರಂಭವಿರಲಿ. ತೋಳಿನ ಭಾರ ತಂತಿಯ ಮೇಲೆ ಕುಳಿತರೆ ನಡುಕಕ್ಕೆ ಜಾಗ ಸಿಗುವುದಿಲ್ಲ.

ಹದಿನಾಲ್ಕು

ನಾನು ಕೊಳಲು ಕಲಿಯುತ್ತಿದ್ದೇನೆ, ನನಗೆ ಹದಿನಾಲ್ಕು ವರ್ಷ. ಅಮ್ಮನ ಖಾತೆಯಿಂದ ಬರೆಯುತ್ತಿದ್ದೇನೆ. ಆಂಟಿ, ದಯವಿಟ್ಟು ಮುಂದಿನ ಸಾಲಿನಲ್ಲಿ ಕೂರಬೇಡಿ. ನನ್ನ ಅಮ್ಮ ಮೊದಲು ಅಲ್ಲೇ ಕೂರುತ್ತಿದ್ದರು. ನಾನು ನುಡಿಸುವಾಗ ಅವರ ತುಟಿ ಅಲುಗಾಡುತ್ತಿತ್ತು, ಕಷ್ಟದ ಜಾಗ ಬರುವ ಮೊದಲೇ ಅವರ ಹುಬ್ಬು ಗಂಟಾಗುತ್ತಿತ್ತು. ಅದನ್ನು ನೋಡಿಯೇ ನನಗೆ ತಪ್ಪು ಬರಲಿದೆ ಎಂದು ಗೊತ್ತಾಗುತ್ತಿತ್ತು.

ಕಪ್ಪು ಎರಡು

ಈ ಹುಡುಗಿ ಹೇಳಿದ್ದು ನನಗೂ ತಟ್ಟಿತು. ನಾನು ಮಗನ ಪ್ರತಿ ಕಾರ್ಯಕ್ರಮವನ್ನೂ ಮೊಬೈಲಿನಲ್ಲಿ ಚಿತ್ರೀಕರಿಸುತ್ತೇನೆ. ಹೋದ ಸಲದ ವಿಡಿಯೊವನ್ನು ಈಗ ತೆಗೆದು ನೋಡಿದೆ. ಪೂರ್ತಿ ಮೂರು ನಿಮಿಷ ಅವನು ನೋಡುತ್ತಿರುವುದು ಕೀಲಿಗಳನ್ನಲ್ಲ, ಕೇಳುಗರನ್ನಲ್ಲ, ನನ್ನ ಫೋನನ್ನು. ಮೇಲೆ ಬರೆದ "ಕಳುಹಿಸಿ" ಎಂಬ ಮಾತನ್ನು ಅರ್ಧ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಸುಮ್ಮನೆ ಕೇಳುಗ

ಹಳೆಯ ರಾಳ ಅವರ ಬಾಗಿಲುಗಳ ಮಾತಿಗೆ ಒಪ್ಪಿದೆ. ಪ್ರತಿಯಾಗಿ ಜಿರಳೆಗಳ ಕಥೆಯೊಂದನ್ನು ಕೊಡುತ್ತೇನೆ, ಮಗುವಿಗೆ ಹೇಳಿ.

ಕೇಳುಗರಿದ್ದರೆ ಕೆಲಸ ಸುಧಾರಿಸುತ್ತದೆಯೇ, ಕೆಡುತ್ತದೆಯೇ ಎಂಬ ಹಳೆಯ ಜಗಳಕ್ಕೆ ಮನಶ್ಶಾಸ್ತ್ರಜ್ಞ ರಾಬರ್ಟ್ ಜಾಯೋನ್ಸ್ 1965ರಲ್ಲಿ ಒಂದು ಉತ್ತರ ಕೊಟ್ಟರು: ಚೆನ್ನಾಗಿ ರೂಢಿಯಾದ ಕೆಲಸ ಸುಧಾರಿಸುತ್ತದೆ, ಇನ್ನೂ ಕಲಿಯುತ್ತಿರುವ ಕೆಲಸ ಕೆಡುತ್ತದೆ. 1969ರಲ್ಲಿ ಅವರೂ ಸಂಗಡಿಗರೂ ಇದನ್ನು ಜಿರಳೆಗಳ ಮೇಲೆ ಪರೀಕ್ಷಿಸಿದರು. ದೀಪ ಹಾಕಿದರೆ ಜಿರಳೆ ಕತ್ತಲೆಗೆ ಓಡುತ್ತದೆ. ಒಂದು ಕಡೆ ನೇರ ಹಾದಿ, ಇನ್ನೊಂದು ಕಡೆ ತಿರುವು ಇರುವ ಹಾದಿ. ಪಕ್ಕದಲ್ಲಿ ಪಾರದರ್ಶಕ ಪೆಟ್ಟಿಗೆಗಳಲ್ಲಿ ಬೇರೆ ಜಿರಳೆಗಳನ್ನು ಪ್ರೇಕ್ಷಕರಾಗಿ ಕೂರಿಸಿದರು. ನಿಜವಾಗಿಯೂ! ಪ್ರೇಕ್ಷಕರಿದ್ದಾಗ ನೇರ ಹಾದಿಯಲ್ಲಿ ಜಿರಳೆಗಳು ಹೆಚ್ಚು ಬೇಗ ಓಡಿದವು, ತಿರುವಿನ ಹಾದಿಯಲ್ಲಿ ಹೆಚ್ಚು ಹೊತ್ತು ತೆಗೆದುಕೊಂಡವು.

ಅಂದರೆ ಹೊಸದಾಗಿ ಕಲಿತ, ಎಲ್ಲರೂ ಬೆರಗಾಗುವ ರಚನೆಯನ್ನು ವೇದಿಕೆಗೆ ಒಯ್ಯುವುದು ತಿರುವಿನ ಹಾದಿ. ಹೆತ್ತವರೂ ಗುರುಗಳೂ ಸಾಮಾನ್ಯವಾಗಿ ಆರಿಸುವುದು ಅದನ್ನೇ.

ಹಳೆಯ ರಾಳ

ಇಷ್ಟು ವರ್ಷ ಇದನ್ನು ಜಿರಳೆ ಇಲ್ಲದೆ ಹೇಳುತ್ತಿದ್ದೆ, ಇನ್ನು ಮುಂದೆ ಜಿರಳೆಯ ಸಮೇತ ಹೇಳುತ್ತೇನೆ. ಆರು ತಿಂಗಳ ಹಿಂದೆ ಕಲಿತು, ಈಗ ಬೇಸರ ಬರುವಷ್ಟು ರೂಢಿಯಾದದ್ದನ್ನು ಆರಿಸಿ. ಕಂಠಪಾಠವೇ ಆಗಬೇಕೆಂಬ ಹಟವೂ ಬೇಡ, ಹಾಳೆ ಮುಂದಿರಲಿ. ಕ್ಲಾರಾ ಶೂಮನ್, ಲಿಸ್ಟ್ ಮುಂತಾದ ಪಿಯಾನೋ ವಾದಕರು ಹತ್ತೊಂಬತ್ತನೆಯ ಶತಮಾನದಲ್ಲಿ ರೂಢಿಗೆ ತರುವವರೆಗೆ ಪಾಶ್ಚಾತ್ಯ ವಾದಕರು ಹಾಳೆ ನೋಡದೆ ನುಡಿಸುವುದು ಅಪರೂಪವಾಗಿತ್ತು.

ಮುಂಜಾವಿನ ಪಿಟೀಲು

ಹತ್ತು ದಿನಗಳ ಸುದ್ದಿ. ಮೊದಲು ಅವಳ ಕ್ಷಮೆ ಕೇಳಿದೆ, ಫೋನಿನಲ್ಲಿ ತಂಗಿಗೆ ಎಲ್ಲವನ್ನೂ ಹೇಳಿದ್ದಕ್ಕೆ. ಅವಳು ಏನೂ ಹೇಳಲಿಲ್ಲ. ಆದರೆ ಅಂದು ರಾತ್ರಿ ಬಾಗಿಲು ಒಂದು ಗೇಣು ತೆರೆದಿತ್ತು.

ಸ್ಟಿಕ್ಕರ್ ಆಟ ಕಣ್ಣು ತೆರೆಸಿತು. ದಿನವೂ ನುಡಿಸುವ ರಚನೆಯಲ್ಲಿ ಅವಳಿಗೆ ಎರಡರಿಂದ ಶುರು ಮಾಡಲು ಬರಲೇ ಇಲ್ಲ! ಮನಸ್ಸಿನಲ್ಲೇ ಮೊದಲಿನಿಂದ ಗುನುಗಿಕೊಂಡು, ಎಡಗೈ ಬೆರಳುಗಳನ್ನು ಗಾಳಿಯಲ್ಲಿ ಆಡಿಸುತ್ತಾ ಅಲ್ಲಿಯವರೆಗೆ ಬಂದು, ಆಮೇಲೆ ಕಮಾನು ಎತ್ತುತ್ತಿದ್ದಳು. ನಾಲ್ಕನೆಯ ದಿನಕ್ಕೆ ಎರಡು ಬಂದಿತು, ಆರನೆಯ ದಿನಕ್ಕೆ ನಾಲ್ಕು. ಮೂರು ಇನ್ನೂ ಸತಾಯಿಸುತ್ತಿದೆ.

ಜಿರಳೆಗಳ ಕಥೆ ಹೇಳಿದೆ. ಐದು ನಿಮಿಷ ನಕ್ಕಳು. ಹಾಳೆಯ ಅಂಚಿನಲ್ಲಿ ಕುರ್ಚಿಗಳ ಮೇಲೆ ಕುಳಿತ ಜಿರಳೆಗಳನ್ನು ಬರೆದಿದ್ದಾಳೆ, ಒಂದಕ್ಕೆ ಕನ್ನಡಕವಿದೆ, ಇನ್ನೊಂದರ ಕೈಯಲ್ಲಿ ಫೋನಿದೆ. ಅದು ನಾನಂತೆ.

ಬರುತ್ತೇನೆ ಎಂದು ಇನ್ನೂ ಹೇಳಿಲ್ಲ. ನಾನೂ ಕೇಳಿಲ್ಲ.

ಅರ್ಧಕ್ಕೆ ಬಿಟ್ಟವನು

ಕೇಳದೆ ಇದ್ದದ್ದು ಒಳ್ಳೆಯದಾಯಿತು. ಅವಳಿಗೆ ಇನ್ನೊಬ್ಬರ ಕಥೆಯನ್ನೂ ಹೇಳಿ. ಸೆಲ್ಲೊ ವಾದಕ ಪಾಬ್ಲೊ ಕಸಾಲ್ಸ್ 1901ರಲ್ಲಿ ಅಮೆರಿಕದಲ್ಲಿ ಬೆಟ್ಟ ಇಳಿಯುತ್ತಿದ್ದಾಗ ಕಲ್ಲೊಂದು ಉರುಳಿ ಎಡಗೈ ಬೆರಳುಗಳನ್ನು ಜಜ್ಜಿತು. ಆ ಕ್ಷಣ ಮನಸ್ಸಿಗೆ ಮೊದಲು ಬಂದದ್ದು, ದೇವರು ದೊಡ್ಡವನು, ಇನ್ನು ಸೆಲ್ಲೊ ನುಡಿಸಬೇಕಾಗಿಲ್ಲ ಎಂಬ ಯೋಚನೆ ಎಂದು ಅವರೇ ಹೇಳಿಕೊಂಡಿದ್ದಾರೆ. ಕೈ ವಾಸಿಯಾಯಿತು. ಮತ್ತೆ ಎಷ್ಟೋ ದಶಕ ನುಡಿಸಿದರು, ಕೊನೆಯವರೆಗೂ ಪ್ರತಿ ಕಛೇರಿಗೂ ಮುನ್ನ ಹೆದರುತ್ತಲೇ.

ನಾಡಿ ಮಿಡಿತ

ಕಥೆ ಚೆನ್ನಾಗಿದೆ, ಆದರೆ ಕಲ್ಲು ಬೀಳಲಿ ಎಂದು ಮಗು ಹಾರೈಸದಿರಲಿ.

ಮುಂಜಾವಿನ ಪಿಟೀಲು

ನಿನ್ನೆ ಕಾರ್ಯಕ್ರಮ ಮುಗಿಯಿತು. ಎಲ್ಲರಿಗೂ ವರದಿ ಒಪ್ಪಿಸುವುದು ನನ್ನ ಧರ್ಮ. ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಎರಡು ವಾರಗಳ ಹಿಂದೆ ಅವಳೇ ಒಂದು ಷರತ್ತು ಹಾಕಿದಳು: ಹಳೆಯ ಚಿಕ್ಕ ರಚನೆ, ನಾನು ಹಿಂದಿನ ಸಾಲಿನಲ್ಲಿ, ಫೋನು ಚೀಲದಲ್ಲಿ. ಅದಕ್ಕೂ ಮೊದಲು ಗೊಂಬೆಗಳ ಮುಂದೆ, ಆಮೇಲೆ ಅಪ್ಪನ ಮುಂದೆ, ಆಮೇಲೆ ಇಬ್ಬರು ಗೆಳತಿಯರ ಮುಂದೆ ನುಡಿಸಿದ್ದಳು. ಗೆಳತಿಯರ ಮುಂದೆ ಎರಡು ಸಲ ತಪ್ಪಿತು. ಅವರಿಗೆ ಆಟದ ನಿಯಮ ಗೊತ್ತಿದ್ದರಿಂದ ಒಬ್ಬಳು "ಮೂರು!" ಎಂದು ಕೂಗಿದಳು, ಇವಳು ಮೂರರಿಂದ ಹಿಡಿದಳು.

ನಿನ್ನೆ ಅವಳ ಸರದಿ ಏಳನೆಯದು. ಆರನೆಯ ಮಗು ನುಡಿಸುತ್ತಿರುವಾಗ ಅವಳ ಕೈ ಮುಟ್ಟಿದೆ, ಮಂಜುಗಡ್ಡೆ. ಬಿಸಿನೀರಿನ ಬಾಟಲಿ ಕೊಟ್ಟೆ, ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಿಂದ ಅಪ್ಪಿ ಹಿಡಿದಳು. "ಉತ್ಸಾಹವಾಗಿದೆಯೇ?" ಎಂದು ಕೇಳಿದೆ. "ಹೊಟ್ಟೆ ನೋಯುತ್ತಿದೆ" ಎಂದಳು. ಆ ಉಪಾಯ ನಮ್ಮಲ್ಲಿ ನಡೆಯಲಿಲ್ಲ, ವೈದ್ಯರು ಕ್ಷಮಿಸಬೇಕು. ನಾನು ಎದ್ದು ಹಿಂದಿನ ಸಾಲಿಗೆ ಹೋದೆ.

ನಡೆದು ಬಂದಳು, ನಿಂತಳು. ಕಮಾನು ಇಡುವ ಮೊದಲು ತೆಗೆದುಕೊಂಡ ಉಸಿರು ಹಿಂದಿನ ಸಾಲಿಗೂ ಕಾಣಿಸಿತು, ಹೆಗಲುಗಳು ಏರಿ ಇಳಿದವು. ಮೊದಲ ಸಾಲು ಗಟ್ಟಿಯಾಗಿ, ಸ್ವಲ್ಪ ಒರಟಾಗಿ ಬಂದಿತು. ಎರಡನೆಯ ಸಾಲಿನ ಕೊನೆಯಲ್ಲಿ ಒಂದು ಬೆರಳು ತಪ್ಪು ಕಡೆ ಬಿದ್ದಿತು. ಕಮಾನು ಒಂದು ಗಳಿಗೆ ತಂತಿಯ ಮೇಲೆಯೇ ನಿಂತಿತು. ನಾನು ಮುಂದಿನ ಕುರ್ಚಿಯ ಬೆನ್ನನ್ನು ಹಿಡಿದುಕೊಂಡೆ. ಆಮೇಲೆ ಕೇಳಿಸಿದ್ದು ನಾಲ್ಕನೆಯ ಸ್ಟಿಕ್ಕರಿನ ಜಾಗ. ಅಲ್ಲಿಂದ ಕೊನೆಯವರೆಗೆ ನಿಲ್ಲಲಿಲ್ಲ. ನಮಸ್ಕಾರ ಮಾಡುವಾಗ ಕಮಾನಿನ ತುದಿ ಹಾಳೆಯ ಸ್ಟ್ಯಾಂಡಿಗೆ ತಗುಲಿ ಟಣ್ ಎಂದಿತು. ಯಾರೋ ನಕ್ಕರು. ಅವಳೂ ನಕ್ಕಳು, ನಡೆದುಕೊಂಡೇ ಹೋದಳು.

ಮನೆಗೆ ಬರುವವರೆಗೂ ನಾನು ಬಾಯಿ ಬಿಡಲಿಲ್ಲ. ಅದೊಂದು ತಪಸ್ಸು. ರಾತ್ರಿ ದೀಪ ಆರಿಸಿದ ಮೇಲೆ ಅವಳೇ ಹೇಳಿದಳು: "ಮೂರನ್ನು ಪೂರ್ತಿ ನುಂಗಿಬಿಟ್ಟೆ. ಜಿರಳೆಗಳಿಗೆ ಗೊತ್ತೇ ಆಗಲಿಲ್ಲ."

ಸುಮ್ಮನೆ ಕೇಳುಗ

ಕನ್ನಡಕ ಹಾಕಿದ ಜಿರಳೆಗೆ ಗೊತ್ತಾಗಿರುತ್ತದೆ. ಅದು ಯಾರಿಗೂ ಹೇಳುವುದಿಲ್ಲ ಎಂದು ತಿಳಿಸಿ.

ಹಳೆಯ ರಾಳ

ಒಂದೂವರೆ ವರ್ಷದಿಂದ ಅದೇ ತಂತಿಗಳೇ ಇದ್ದರೆ, ಇನ್ನು ಹೊಸದು ಹಾಕಿಸಬಹುದು ತಾಯಿ.